ಮುಕ್ಸಿನ್ ಮುಚ್ಚಿಟ್ಟ ಕಿವಿ

ಕಡಲನ್ನೇ ನಂಬಿ ಬದುಕುವ ನಮ್ಮ ಬಾಜೋ ಜನರ ಮಕ್ಕಳಿಗೆ ಏಳೆಂಟು ವರ್ಷಕ್ಕೇ ಕಿವಿಯ ತಮಟೆ ಒಡೆಯುತ್ತದೆ. ಒಡೆಯಲಿ ಎಂದೇ ಆಳಕ್ಕೆ ಬಿಡುತ್ತೇವೆ. ರಕ್ತ ಸೋರಿ, ಒಂದು ವಾರ ಮಲಗಿ ಎದ್ದರೆ ಮುಂದೆ ಎಷ್ಟು ಆಳಕ್ಕೆ ಮುಳುಗಿದರೂ ನೋವಿಲ್ಲ. ನನ್ನ ಸೋದರತ್ತೆ ಮಗ ಮುಕ್ಸಿನ್‌ನದೂ ಹಾಗೇ ಒಡೆದಿತ್ತು. ಆದರೆ ಡೈವಿಂಗ್ ಶಾಲೆಯ ಅರ್ಜಿಯಲ್ಲಿ ಕಿವಿ ಚೆನ್ನಾಗಿದೆ ಎಂದು ಬರೆದ. ನಿಜ ಬರೆದಿದ್ದರೆ, ಅರ್ಜಿಯನ್ನಷ್ಟೇ ನೋಡುವ ಡಾಕ್ಟರು ಸಹಿ ಹಾಕುತ್ತಿರಲಿಲ್ಲ, ಗೈಡ್ ಆಗುವ ಆಸೆ ಅಲ್ಲಿಗೇ ಮುಗಿಯುತ್ತಿತ್ತು. ಆ ಶಾಲೆಯ ದೋಣಿ ಓಡಿಸುವವನು ನಾನು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ಅವನಿಗೆ ಕಲಿಸಿದವರು ಮೂವರು. ಮನಾದೋ ಕಡೆಯ ಹೆರ್ಸನ್ ಆಳದ ಲೆಕ್ಕ, ಗಾಳಿಯ ಲೆಕ್ಕ ಕಲಿಸಿದ. ಕೊರಿಯಾದ ಮಿನ್ಹೊ ಮುಳುಗುವವರನ್ನು ಎಳೆದು ತರುವುದನ್ನು ಕಲಿಸಿದ. ಪ್ರವಾಸಿಗರನ್ನು ಕರೆದೊಯ್ಯುವ ಕೊನೆಯ ಪಾಠ ಬಾಲಿಯ ಸುವಾರ್ತಿ ಅಕ್ಕನದು. ಇಳಿಯುವಾಗ ಮೂಗು ಹಿಡಿದು ಕಿವಿಗೆ ಗಾಳಿ ಊದಬೇಕು, ನೋವಾದರೆ ನಿಲ್ಲಬೇಕು ಎಂದು ಮೂವರೂ ಹೇಳಿದರು. ಮುಕ್ಸಿನ್ ಮೂವರೆದುರೂ ಚಂದವಾಗಿ ಮೂಗು ಹಿಡಿದ. ಕಿವಿ ನಿಜಕ್ಕೂ ಸರಿಯಿದೆಯೇ ಎಂದು ಡಾಕ್ಟರೋ ಹಿಂದಿನವರೋ ನೋಡಿರುತ್ತಾರೆ ಬಿಡು ಎಂದು ಒಬ್ಬೊಬ್ಬರೂ ಅಂದುಕೊಂಡರು. ಮೂವರ ಕಣ್ಣಿಗೂ ಮಣ್ಣೆರಚಿದೆವೆಂದು ನಾವಿಬ್ಬರೂ ಮರಗೆಣಸಿನ ಕಸುವಾಮಿ ತಿನ್ನುತ್ತಾ ನಕ್ಕಿದ್ದೆವು. ಈಗ ನೆನೆದರೆ ನನ್ನ ಮೇಲೇ ಮೈ ಉರಿಯುತ್ತದೆ.

ಪರೀಕ್ಷೆಯ ದಿನ ಸುವಾರ್ತಿ ಅಕ್ಕನೇ ಹೊಸ ಪ್ರವಾಸಿಯ ಪಾತ್ರ ವಹಿಸಿದಳು. ಪರೀಕ್ಷೆ ಅಂದರೆ ಹಾಗೇ. ಕಲಿಸುವವರು ನೀರೊಳಗೆ ಮಾಸ್ಕ್ ಕಳಚುತ್ತಾರೆ, ಹೆದರಿದಂತೆ ಒದ್ದಾಡುತ್ತಾರೆ, ಎಲ್ಲ ನಾಟಕ. ಅವಳಿಗೆ ಅವತ್ತು ನೆಗಡಿ; ಮೂಗು ಕಟ್ಟಿದರೆ ಕಿವಿಗೆ ಗಾಳಿ ಸರಿಯಾಗಿ ಹೋಗುವುದಿಲ್ಲ. ಹವಳದ ಗೋಡೆಯ ಬಳಿ ನೀರು ಎಣ್ಣೆ ಸುರಿದಂತೆ ನಯವಾಗಿ ಸುತ್ತುತ್ತಿತ್ತು. ಅದು ಕೆಳಕ್ಕೆಳೆಯುವ ಸೆಳೆತ.

"ಇವತ್ತು ಬೇಡ ಅಕ್ಕ, ನಾಳೆ ನೋಡೋಣ," ಎಂದೆ.

"ಮುಕ್ಸಿನ್ ಪಾಸಾಗೋದು ನಿಂಗಿಷ್ಟ ಇಲ್ವೇನೋ?" ಎಂದು ಅವಳು ನಕ್ಕಳು. ಮುಕ್ಸಿನ್ ನನ್ನನ್ನು ದುರುಗುಟ್ಟಿ ನೋಡಿದ. ಇಬ್ಬರೂ ಇಳಿದರು.

ಸೆಳೆತ ಹಿಡಿದದ್ದು ತನಗೆ ತಿಳಿಯಲೇ ಇಲ್ಲ ಎಂದು ಆಮೇಲೆ ಅವನೇ ಹೇಳಿದ. ಬೇರೆಯವರಾದರೆ ಕಿವಿಯ ನೋವಿನಿಂದಲೇ ಕೆಳಗಿಳಿಯುತ್ತಿದ್ದೇವೆ ಎಂದು ಅರಿಯುತ್ತಾರೆ. ಇವನು ಆಳದ ಮಾಪಕ ನೋಡಬೇಕಿತ್ತು. ನೀರಲ್ಲೇ ಹುಟ್ಟಿದವನೆಂಬ ಜಂಭ ನೋಡಗೊಡಲಿಲ್ಲ. ಹಿಂದಿದ್ದ ಸುವಾರ್ತಿ ಅಕ್ಕ ಕಿವಿ ತೋರಿಸಿ, ನೋಯುತ್ತಿದೆ ಎಂದು ಕೈ ಅಲ್ಲಾಡಿಸಿದಳು. ನಾಟಕ ಶುರುವಾಯಿತು ಎಂದುಕೊಂಡು ಅವನು ಪಾಠದಲ್ಲಿದ್ದಂತೆ ಮೂಗು ಹಿಡಿದು ತೋರಿಸಿದ. ಪರೀಕ್ಷೆಯಲ್ಲವೇ, ಅವನೇ ಸರಿಪಡಿಸಲಿ ಎಂದು ಅವಳೂ ಸ್ವಲ್ಪ ಕಾದಳು. ಅಷ್ಟರಲ್ಲಿ ಇನ್ನೂ ಹತ್ತು ಮೀಟರ್ ಜಾರಿದ್ದರು. ಕೊನೆಗೆ ಅವಳೇ ಅವನ ತೋಳು ಹಿಡಿದು ಗೋಡೆಯಿಂದ ದೂರ ಎಳೆದು ಸೆಳೆತ ದಾಟಿಸಿದಳು.

ದೋಣಿಗೆ ಹತ್ತಿಸುವಾಗ ಅವಳ ಎಡಗಿವಿಯಿಂದ ರಕ್ತ ಕುತ್ತಿಗೆಗೆ ಇಳಿದಿತ್ತು. ತಲೆ ಸುತ್ತಿ ವಾಂತಿ ಮಾಡಿಕೊಂಡಳು. ಆಗಲೂ ಅವಳು ಕೇಳಿದ್ದು, ಅವನ ಕಿವಿಗೇನಾದರೂ ಆಯಿತೇ ಎಂದು. ಮುಕ್ಸಿನ್ ಅವಳ ಎಡಕ್ಕೆ ಮಂಡಿಯೂರಿದ.

"ಅಕ್ಕ, ನಂಗೆ ನೋವಾಗೋದೇ ಇಲ್ಲ. ಚಿಕ್ಕವನಿದ್ದಾಗ್ಲೇ ಕಿವಿ ಒಡೆದೋಗಿತ್ತು. ನಿಮ್ಗೆಲ್ಲ ಸುಳ್ಳು ಹೇಳ್ದೆ."

ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು.

"ಈ ಕಡೆ ಬಂದು ಹೇಳೋ," ಎಂದಳು. "ಆ ಕಡೆ ಏನೂ ಕೇಳಿಸ್ತಿಲ್ಲ."