ಗಂಟಿನಿಂದ ಮೂರನೆಯ ದಬ್ಬೆ

ಆಗೆಲ್ಲ ನಮ್ಮ ಕಡೆ ಹೊಳೆ ದಾಟಬೇಕಾದವರು ಮೊದಲು ಕೂಗಬೇಕಿತ್ತು. ಆಚೆ ದಂಡೆಯಲ್ಲಿ ನಿಂತು, ಎರಡೂ ಕೈ ಬಾಯಿಗೆ ಹಚ್ಚಿ, "ಓ... ಹರಗೋಲಾ..." ಎಂದರೆ ಈಚೆ ದಂಡೆಗೆ ಕೇಳುತ್ತಿತ್ತು. ತುಂಗಭದ್ರೆಯ ದಂಡೆಯಲ್ಲಿ ಬೆಳೆದವರಿಗೆ ಆ ಕೂಗು ಇನ್ನೂ ನೆನಪಿರಬೇಕು. ನಮ್ಮೂರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿ. ನಮ್ಮದು ಅಂಬಿಗರ ಮನೆ. ಉಣ್ಣುವಾಗ ಕೂಗು ಕೇಳಿದರೆ ಅಪ್ಪ ಗಂಗಾಳದಲ್ಲೇ ಕೈ ತೊಳೆದು ಎದ್ದುಬಿಡುತ್ತಿದ್ದ. ಕರೆದವರನ್ನು ಕಾಯಿಸಬಾರದು ಎನ್ನುವುದೊಂದನ್ನೇ ಅವನು ನಮಗೆ ಕಲಿಸಿದ್ದು.

ಅಪ್ಪ ಕಾಮಾಲೆಯಾಗಿ ತೀರಿಕೊಂಡ. ಮರುವರ್ಷ ಅವನ ಹರಗೋಲೂ ಹಣ್ಣಾಯಿತು. ಅವ್ವ ಅದರ ಬಿದಿರನ್ನೆಲ್ಲ ಒಲೆಗೆ ಹಾಕಿದಳು. ಮುರಿದು ಕೊಡುವ ಕೆಲಸ ನನ್ನದು. ಗಟ್ಟಿ ದಬ್ಬೆಯನ್ನು, ಎಂದರೆ ಬಿದಿರಿನ ಸೀಳನ್ನು, ಮೊಣಕಾಲಿಗೆ ಕೊಟ್ಟು ಒತ್ತಿದರೆ ಫಟ್ ಎಂದು ಸಿಡಿಯುತ್ತಿತ್ತು. ಒಳಗೆ ಕೊಳೆತದ್ದು ಪುಸಕ್ ಎಂದು ಬಾಗಿ, ಕಂದು ಪುಡಿ ಉದುರಿಸುತ್ತಿತ್ತು, ಹಸಿ ಗೋಣಿಚೀಲದ ವಾಸನೆ ಬರುತ್ತಿತ್ತು. ನನಗೆ ಹತ್ತು ವರ್ಷ. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು.

ಅಣ್ಣ ಹನುಮಂತನಿಗೆ ಹದಿನೇಳು. ಹರಗೋಲು ಇಲ್ಲದ್ದರಿಂದ ಕಲ್ಲು ಒಡೆಯಲು ಹೋಗುತ್ತಿದ್ದ. ಮನೆಯಲ್ಲಿದ್ದಾಗ ಹೊಳೆಯ ಕಡೆಯಿಂದ ಕೂಗು ಕೇಳಿದರೆ ಥಟ್ಟನೆ ಎದ್ದು ನಿಲ್ಲುತ್ತಿದ್ದ. ಆಮೇಲೆ ಏನೂ ಆಗದವನಂತೆ ಮತ್ತೆ ಕೂಡುತ್ತಿದ್ದ. ಅವ್ವ ಆ ಕಡೆ ನೋಡುತ್ತಿರಲಿಲ್ಲ.

ದೇವದುರ್ಗದ ಕಡೆ, ಕೃಷ್ಣಾ ದಂಡೆಯ ಒಂದು ಹಳ್ಳಿಯಲ್ಲಿ ತಿಮ್ಮಪ್ಪ ತಾತ ಎನ್ನುವ ಮುದುಕನ ಹತ್ತಿರ ಹಳೆಯ ಹರಗೋಲಿದೆ, ಎರಡು ಆಡು ಕೊಟ್ಟರೆ ಬಿಡುತ್ತಾನೆ ಎಂದು ಆ ಬೇಸಿಗೆಯಲ್ಲಿ ಯಾರೋ ಸುದ್ದಿ ತಂದರು. ನಮಗಿದ್ದದ್ದು ಎರಡೇ ಆಡು. ಅವ್ವ ಮೂರು ದಿನ ವಿಚಾರ ಮಾಡಿದಳು.

"ಹೋಗಿ ನೋಡು. ದಬ್ಬಿ ಗಟ್ಟಿ ಇದ್ರ ತಗೋ, ಇಲ್ಲಂದ್ರ ಆಡು ತಿರುಗಿ ಹೊಡಕೊಂಡು ಬಾ. ಹರಗೋಲ ಬರಲಿಲ್ಲಂದ್ರ ಪಾರಿನ ರಾಯಚೂರಿಗೆ ಕಳಸ್ತೀನಿ. ಒಂದು ಹೊಟ್ಟಿ ಆದ್ರೂ ಕಡಿಮಿ ಆಗತದ" ಎಂದಳು.

ಪಾರಿ ಎಂದರೆ ನಾನು. ರಾಯಚೂರೆಂದರೆ ಸ್ಟೇಷನ್ ಹತ್ತಿರದ ಒಂದು ಮನೆ. ಅವ್ವನ ದೂರದ ಸಂಬಂಧಿಕರು, ಕೂಸು ಎತ್ತಿಕೊಳ್ಳಲು ಹುಡುಗಿ ಬೇಕೆಂದು ಹೇಳಿ ಕಳಿಸಿದ್ದರು. ಹಿಂದಿನ ವರ್ಷ ಒಂದು ವಾರ ಅಲ್ಲಿ ಇದ್ದು ಬಂದಿದ್ದೆ. ಹೇನು ಇವೆಯೆಂದು ಹೋದ ದಿನವೇ ತಲೆ ಬೋಳಿಸಿದ್ದರು. ಮಲಗಲು ಬಚ್ಚಲ ಬಾಯಿಗೆ ಚಾಪೆ ಹಾಸಿದ್ದರು. ಊರಿಗೆ ಬಂದ ಮೇಲೆ ಕೂದಲು ಕಿವಿ ಮುಚ್ಚುವಷ್ಟು ಬೆಳೆದಿತ್ತು ಅಷ್ಟೇ. ಮತ್ತೆ ಅಲ್ಲಿಗೆ ಹೋಗುವುದಕ್ಕಿಂತ ಹೊಳೆಗೆ ಬೀಳುವುದು ಮೇಲು ಎಂದು ಆಗ ಅನ್ನಿಸುತ್ತಿತ್ತು.

ಅಣ್ಣ ಬಾಡಿಗೆಗೆ ಬಂಡಿ ಹೂಡಿ, ಆಡುಗಳನ್ನು ಹಿಂದೆ ಕಟ್ಟಿ, ನನ್ನನ್ನೂ ಕೂರಿಸಿಕೊಂಡ. ನಾನಿಲ್ಲದೆ ಆಗುವಂತಿರಲಿಲ್ಲ. ಹಳೆಯ ಹರಗೋಲು ಕೊಳ್ಳುವಾಗ ನಮ್ಮವರು ಅದರ ಅಂಚನ್ನು ಸುತ್ತಲೂ ಕಲ್ಲಿನ ಮೇಲಿಟ್ಟು, ತಳ ನೆಲಕ್ಕೆ ತಾಗದಂತೆ ತೂಗಿ ನಿಲ್ಲಿಸಿ, ಒಳಗೆ ಒಂದು ಮಗುವನ್ನು ಬರಿಗಾಲಲ್ಲಿ ನಡೆಸುತ್ತಾರೆ. ದೊಡ್ಡವರು ಹತ್ತಿದರೆ ನೀರಿನ ಆಸರೆಯಿಲ್ಲದ ಬಿದಿರು ಮುರಿಯುತ್ತದೆ. ಮಗುವಿನ ಹಿಮ್ಮಡಿಗೆ ಮಾತ್ರ ಗೊತ್ತಾಗುತ್ತದೆ. ಅಂಚಿನ ಬಿದಿರು ಕೂಡಿಸಿ ಕಟ್ಟಿದ ಗಂಟಿನಿಂದ ಶುರುಮಾಡಿ, ಒಂದೊಂದೇ ದಬ್ಬೆ ತುಳಿದು "ಗಟ್ಟಿ" ಇಲ್ಲವೆ "ಮೆತ್ತಗ" ಎನ್ನಬೇಕು. ಮಗು ಹೇಳಿದ್ದೇ ತೀರ್ಮಾನ. ಮಕ್ಕಳು ಸುಳ್ಳು ಹೇಳುವುದಿಲ್ಲ ಎನ್ನುವ ನಂಬಿಕೆಯ ಮೇಲೆ ನಡೆದುಬಂದ ಪದ್ಧತಿ ಅದು.

ತಿಮ್ಮಪ್ಪ ತಾತ ಬಾಗಿಲಲ್ಲೇ ಕುಳಿತಿದ್ದ. "ಬರ್ರಿ, ಬರ್ರಿ. ಹರಗೋಲ ನೋಡಾಕ ಬಂದೀರೋ, ನನ್ನ ನೋಡಾಕ ಬಂದೀರೋ? ಎರಡೂ ಹಳೇವೇ."

"ನಿನ್ನ ಒಯ್ದು ಏನ್ ಮಾಡ್ಲಿ ತಾತ, ನೀ ತೇಲಂಗಿಲ್ಲ" ಎಂದ ಅಣ್ಣ.

ಹರಗೋಲು ಬೇವಿನ ಮರದ ಕೆಳಗಿತ್ತು. ಅದರಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಹೊರಗಿನ ಎಮ್ಮೆಯ ತೊಗಲು ಒಣಗಿ ಎರಡು ಕಡೆ ಬಿರಿದಿತ್ತು. ಒಳಗೆ ಮಾತ್ರ ಹೊಸದಾಗಿ ಡಾಂಬರು ಬಳಿದು ಕರ್ರಗೆ ಮಾಡಿದ್ದರು. ಬಿದಿರು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ.

"ಒಳಗ್ಯಾಕ ಡಾಂಬರ ಬಳದಿ ತಾತ?"

"ಹುಳ ಹತ್ತಬಾರದು ಅಂತ ಬಳದೀನಪ್ಪಾ."

ಅಣ್ಣ ಉಗುರಿನಿಂದ ಕೆರೆದು ನೋಡಿದ. ಏನೂ ತಿಳಿಯಲಿಲ್ಲ. ಕೋಳಿಯನ್ನು ಎಬ್ಬಿಸಿ, ಮೊಟ್ಟೆ ತೆಗೆದಿಟ್ಟು, ಅವನೂ ತಾತನೂ ಸೇರಿ ಹರಗೋಲನ್ನು ಬಿಸಿಲಿಗೆ ಎಳೆದು ಕಲ್ಲುಗಳ ಮೇಲಿಟ್ಟರು. ಅಣ್ಣ ನನ್ನನ್ನು ಎತ್ತಿ ಒಳಗೆ ಇಳಿಸಿದ.

ಮೊದಲನೆಯ ದಬ್ಬೆ. "ಗಟ್ಟಿ" ಎಂದೆ. ಎರಡನೆಯದು. "ಗಟ್ಟಿ."

ಮೂರನೆಯದರ ಮೇಲೆ ಹಿಮ್ಮಡಿ ಊರಿದೆ. ಅದು ಒಳಗೆ ಹೋಯಿತು. ಎಷ್ಟೋ ಇಲ್ಲ, ಒಂದು ಜೋಳದ ಕಾಳಿನಷ್ಟು. ಸಪ್ಪಳವೂ ಆಗಲಿಲ್ಲ. ಆದರೆ ಒಲೆಗೆಂದು ಅಂಥ ದಬ್ಬೆಗಳನ್ನು ನಾನು ಎಷ್ಟು ಮುರಿದಿದ್ದೆನೆಂದರೆ, ಅದೇನೆಂದು ಕಾಲಿಗೆ ತಿಳಿದುಹೋಯಿತು. ತಲೆಯೆತ್ತಿದೆ. ತಾತ ನನ್ನನ್ನೇ ನೋಡುತ್ತಿದ್ದ. ಆಡುಗಳು ಬೇವಿನ ಎಲೆ ಮೇಯುತ್ತಿದ್ದವು. ನನಗೆ ಕಂಡದ್ದು ಆ ಬಚ್ಚಲ ಬಾಯಿ.

"ಪಾರಿ?" ಎಂದ ಅಣ್ಣ.

"ಗಟ್ಟಿ" ಎಂದೆ.

ಉಳಿದವೆಲ್ಲ ನಿಜವಾಗಿಯೂ ಗಟ್ಟಿಯಾಗಿದ್ದವು. ಒಂದೇ ಒಂದು ಮೆತ್ತಗ ಇದ್ರ ಏನಾಗತದ ಎಂದುಕೊಂಡೆ.

"ಇನ್ನೊಮ್ಮಿ ತುಳದು ನೋಡ್ತಿಯೇನಬೇ?"

"ಎಷ್ಟ ಸಲ ತುಳೀಲಿ? ಡಾಂಬರ ಕಾದೈತಿ, ಕಾಲು ಸುಡಾಕತ್ತಾವ."

ಅದು ಸುಳ್ಳಾಗಿರಲಿಲ್ಲ. ಅಣ್ಣ ಗಾಬರಿಯಾಗಿ ನನ್ನನ್ನು ಎತ್ತಿಕೊಂಡು, ತಾತನ ಕೊಡದ ನೀರನ್ನು ನನ್ನ ಪಾದಗಳ ಮೇಲೆ ಸುರಿದ. "ಹೇಳಬಾರದೇನ ಹುಚ್ಚಿ" ಎಂದ. ಆಡುಗಳ ಹಗ್ಗ ತಾತನ ಕೈಗೆ ಹೋಯಿತು. ಹೊರಡುವಾಗ ತಾತ ನನ್ನ ಕೈಯಲ್ಲಿ ಒಂದು ಬೆಲ್ಲದ ಚೂರು ಇಟ್ಟ. ಅದನ್ನು ನಾನು ತಿಂದೆ.

ಮನೆಗೆ ಬರಲು ಎರಡು ದಿನ ಹಿಡಿಯಿತು. ಸಿರವಾರ ದಾಟಿ ಮಾನ್ವಿಯ ತನಕ ಬಂಡಿಯ ಮೇಲೆ ಬೋರಲು ಹಾಕಿದ ಹರಗೋಲಿನ ನೆರಳಲ್ಲಿ ಕುಳಿತು ರೊಟ್ಟಿ, ಶೇಂಗಾಹಿಂಡಿ ತಿಂದೆವು. ಅಣ್ಣ ದಾರಿಯಲ್ಲಿ ಸಿಕ್ಕವರಿಗೆಲ್ಲ, ಅವರು ಕೇಳದಿದ್ದರೂ, "ಹರಗೋಲರೀ, ನಮ್ಮದೇ" ಎನ್ನುತ್ತಿದ್ದ.

ಮಾನ್ವಿಯಲ್ಲಿ ತೊಗಲು ಕೊಂಡು, ಊರಿಗೆ ಬಂದ ಮೇಲೆ ಅದನ್ನು ನೆನೆಹಾಕಿದ. ಹಳೆಯ ತೊಗಲನ್ನು ಪೂರ್ತಿ ಬಿಚ್ಚಿ ನೋಡೋಣವೆಂದು ಮೊದಲು ಅವನ ಮನಸ್ಸಿನಲ್ಲಿತ್ತು. ಆಮೇಲೆ, "ದಬ್ಬಿ ಗಟ್ಟಿ ಅದಾವಂತ ಪಾರಿ ಹೇಳ್ಯಾಳ, ಬಿಚ್ಚೋದ್ಯಾಕ" ಎಂದು ಬಿರಿದ ಜಾಗಕ್ಕೆ ಮಾತ್ರ ತ್ಯಾಪೆ ಹಚ್ಚಿ ಹೊಲಿದ. ಹೊಲಿಯುವ ಬಾರನ್ನು ಅವನ ಕೈಗೆ ಕೊಡುತ್ತ ಪಕ್ಕದಲ್ಲೇ ಕುಳಿತಿದ್ದವಳು ನಾನು.

ಆಗ ಬಂದವಳು ಮಾಬುಬಿ. ನಮ್ಮೂರ ಬಳೆಗಾರ್ತಿ. ಬಳೆಯ ಗಂಟು ಹೆಗಲಿಗೆ ಕಟ್ಟಿಕೊಂಡು, ಹೊಳೆಯಾಚೆಯ ಸಂತೆಗೆ ಪ್ರತಿ ವಾರ ಹೋಗುತ್ತಿದ್ದಳು. ನಾವೆಲ್ಲ ಖಾಲಾ ಎನ್ನುತ್ತಿದ್ದೆವು.

"ಕ್ಯಾ ರೇ ಹನ್ಮಂತ, ಇದು ಹರಗೋಲೋ ಫಕೀರನ ಜುಬ್ಬಾನೋ? ಬರೇ ತ್ಯಾಪಿ! ಇದರಾಗ ಕುಂದ್ರಾಕ ನಾ ನಿನಗ ಕೂಲಿ ಕೊಡಬೇಕೋ, ನೀ ನನಗ ಕೊಡಬೇಕೋ?"

"ಮೊದಲ ಕುಂದ್ರು ಖಾಲಾ, ಆಮ್ಯಾಲ ನಗು."

ಅವಳು ನಕ್ಕು, ನನ್ನ ಉಡಿಗೆ ಒಂದು ಹಿಡಿ ಒಡೆದ ಬಳೆಚೂರು ಹಾಕಿದಳು. ಮಣ್ಣಿನಲ್ಲಿ ಗುಂಡಗೆ ಗೆರೆ ಕೊರೆದು, ಚೂರುಗಳನ್ನು ಚೆಲ್ಲಿ, ಒಂದಕ್ಕೊಂದು ತಾಗದಂತೆ ಎತ್ತುವ ಆಟ ಓಣಿಯ ಹುಡುಗಿಯರಿಗೆಲ್ಲ ಪ್ರೀತಿಯದು. ನನ್ನಷ್ಟು ಚೂರು ಬೇರೆ ಯಾರ ಹತ್ತಿರವೂ ಇರಲಿಲ್ಲ.

ಕಾರ ಹುಣ್ಣಿಮೆ ಆದ ಮೇಲೆ ಹರಗೋಲು ನೀರಿಗಿಳಿಯಿತು. ಕೂಗು ಕೇಳಿದರೆ ಅಣ್ಣ ಈಗ ಎದ್ದು, ಹುಟ್ಟು ಹೆಗಲಿಗಿಟ್ಟು, ಓಡುತ್ತಲೇ ಹೋಗುತ್ತಿದ್ದ. ರಾಯಚೂರಿನ ಮಾತನ್ನು ಅವ್ವ ಮತ್ತೆ ಎತ್ತಲಿಲ್ಲ. ಮೊದಮೊದಲು ದಿನಾ ಹೇಳಿಬಿಡಬೇಕು ಎನ್ನಿಸುತ್ತಿತ್ತು. ಹರಗೋಲು ಹೋಗುತ್ತಿತ್ತು, ಬರುತ್ತಿತ್ತು. ಹತ್ತು ದಿನ, ಇಪ್ಪತ್ತು ದಿನ. ಆಮೇಲಾಮೇಲೆ ನನಗೇ ಅದು ಮರೆತುಹೋಯಿತು. ಇದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟ. ನಾನು ಸುಖವಾಗಿದ್ದೆ.

ಶ್ರಾವಣದಲ್ಲಿ ಹೊಸ ನೀರು ಬಂದು ಹೊಳೆ ಕೆಂಪಾಗಿ ಏರಿತ್ತು. ಸಂತೆಯ ದಿನ ಹೊತ್ತೇರಿದಾಗ ನಾನು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಹರಗೋಲಿನಲ್ಲಿ ಆರು ಮಂದಿ ಕುಳಿತಿದ್ದರು. ಅದಕ್ಕೆ ಆರೇ ಲೆಕ್ಕ. ಅಣ್ಣ ದಂಡೆ ಬಿಟ್ಟು ಒಂದು ಮಾರು ಹೋಗಿದ್ದ. ಅಷ್ಟರಲ್ಲಿ ಮಾಬುಬಿ ಗಂಟು ಹೊತ್ತು ಓಡಿ ಬಂದಳು.

"ನಿಂದ್ರಪಾ ಹನ್ಮಂತ! ನಿಂದ್ರಪಾ!"

"ತುಂಬ್ಯಾದ ಖಾಲಾ."

"ಅರೆ, ವಾರದಾಗ ಒಂದು ಸಂತಿ ಬೇಟಾ!"

ಅಣ್ಣ ನಿಂತ. ಹುಟ್ಟು ಊರಿ ಹಿಂದೆ ಬಂದ. ಅವಳು ಹತ್ತುವಾಗ ನನ್ನ ಕಡೆ ನೋಡಿ, "ಚೂರು ತರ್ತೀನಿ ಬೇಟಿ" ಎಂದಳು. ಖಾಲಿಯಿದ್ದ ಜಾಗ ಒಂದೇ, ಅಂಚಿನ ಗಂಟಿನ ಪಕ್ಕ. ಅಲ್ಲಿ ಕುಳಿತಳು. ನಾನು ನೋಡಿದೆ. ನನಗೆ ಆಗಲೂ ನೆನಪಾಗಲಿಲ್ಲ.

ನಡುಹೊಳೆಯಲ್ಲಿ ಹರಗೋಲು ಒಂದು ಬಂಡೆಯ ಹತ್ತಿರ ಸುಳಿಯಲ್ಲಿ ತಿರುಗಿತು. ಅದು ತಿರುಗುವುದು ದಿನಾ ಇದ್ದದ್ದೇ. ಆ ದಿನ, ಆಮೇಲೆ ಉಳಿದವರು ಹೇಳಿದಂತೆ, ಒಂದು ಕಡೆ ತಳ ಹೊಟ್ಟೆಯಂತೆ ಜೋತು, ತೊಗಲು ಸೀಳಿತು. ದಂಡೆಗೆ ಕೇಳಿದ್ದು ಹೆಂಗಸರ ಕೂಗು ಮಾತ್ರ. ಆರು ಮಂದಿ ಅಂಚು ಹಿಡಿದು ತೇಲಿ ಕೆಳಗಿನ ಮರಳದಿಬ್ಬ ಸೇರಿದರು. ಬಳೆಯ ಗಂಟು ಹೆಗಲಿಗೆ ಬಿಗಿದು ಕಟ್ಟಿಕೊಂಡಿದ್ದ ಮಾಬುಬಿ ಮೇಲೆ ಬರಲಿಲ್ಲ. ಅಣ್ಣ ಐದಾರು ಸಲ ಮುಳುಗಿ ಹುಡುಕಿದ. ಕೊನೆಗೆ ಅವನನ್ನೇ ಎಳೆದು ತರಬೇಕಾಯಿತು. ಅವಳು ಸಿಕ್ಕಿದ್ದು ಮೂರನೆಯ ದಿನ.

ಆರು ಮಂದಿಯ ಹರಗೋಲಿಗೆ ಏಳನೆಯವಳನ್ನು ಹತ್ತಿಸಿಕೊಂಡ ಎಂದು ಊರು ತೀರ್ಮಾನ ಮಾಡಿತು. ಅಣ್ಣ ಇಲ್ಲವೆನ್ನಲಿಲ್ಲ. ಮಾಬುಬಿಯ ಮಗನ ಎದುರು ಹೋಗಿ ನೆಲಕ್ಕೆ ತಲೆ ಹಚ್ಚಿ ಕುಳಿತ. ಅವನು ಬೈಯಲಿಲ್ಲ, ಏಳೆಂದೂ ಅನ್ನಲಿಲ್ಲ.

ಮೀನುಗಾರರು ಹರಗೋಲನ್ನು ಎಳೆದು ತಂದು ನಮ್ಮ ಮನೆಯ ಹಿಂದೆ ಹಾಕಿದರು. ಅಣ್ಣ ಆ ಕಡೆ ಮುಖ ಹಾಕಲಿಲ್ಲ. "ಅದನ್ನ ಸುಡಬೇ, ನನ್ನ ಕಣ್ಣಿಗೆ ಬೀಳಬಾರದು" ಎಂದಳು ಅವ್ವ. ನಾನು ಒಬ್ಬಳೇ ಹೋದೆ. ಗಂಟಿನಿಂದ ಮೂರನೆಯ ದಬ್ಬೆ ನಡುವೆ ಮುರಿದಿತ್ತು. ಮುರಿದ ಬಾಯಲ್ಲಿ ಕಂದು ಹಿಟ್ಟಿನಂಥ ಪುಡಿ. ಅದನ್ನು ಕಿತ್ತು ಅಣ್ಣನ ಮುಂದೆ ಇಟ್ಟಿದ್ದರೆ ಸಾಕಿತ್ತು, ಅಂಬಿಗರ ಮಗನಿಗೆ ಬೇರೆ ಹೇಳುವುದೇ ಬೇಕಿರಲಿಲ್ಲ. ನಾನು ಅದನ್ನು ಎಲ್ಲಕ್ಕಿಂತ ಮೊದಲು ಬೆಂಕಿಗೆ ಹಾಕಿದೆ. ತುಳಿದಾಗ ಹೆದರಿದ್ದು ರಾಯಚೂರಿಗೆ. ಈಗ ಹೆದರಿದ್ದು ಅಣ್ಣನಿಗೆ. ಹತ್ತು ವರ್ಷದವಳು ಎಂದು ನೀವು ಅನ್ನಬಹುದು. ಹತ್ತು ವರ್ಷದವಳಿಗೆ ಯಾವುದನ್ನು ಮೊದಲು ಸುಡಬೇಕು ಎನ್ನುವುದು ಗೊತ್ತಿತ್ತಲ್ಲ.

ಹೊಳೆ ಇಳಿದ ಮೇಲೆ ಮರಳಿನಲ್ಲಿ ಹಸಿರು, ಕೆಂಪು ಬಳೆಚೂರು ಸಿಗತೊಡಗಿದವು. ಹುಡುಗಿಯರು ಆರಿಸಿ ತಂದು ಆಡಿದರು. ನನ್ನವನ್ನು ನಾನು ತಿಪ್ಪೆಯಲ್ಲಿ ಹೂತೆ.

ರಾಯಚೂರಿಗೆ ನಾನು ಹೋಗಲಿಲ್ಲ, ಅಣ್ಣ ಹೋದ. ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿಕೊಂಡು ನಲವತ್ತು ವರ್ಷ ಒಂದು ಕೋಣೆಯಲ್ಲಿ ಕಳೆದ. ಮದುವೆ ಮಾಡಿಕೊಳ್ಳಲಿಲ್ಲ. ಅವನ ಜೊತೆಯ ಹಮಾಲರು ಒಂದು ಮಾತು ಹೇಳುತ್ತಿದ್ದರು: ಹನುಮಂತನನ್ನು ಹಿಂದಿನಿಂದ ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ, ಭಾಳ ಸೊಕ್ಕಿನವ.

ಹೋದ ವರ್ಷ ಅವನು ಹಾಸಿಗೆ ಹಿಡಿದಾಗ ಹದಿನೈದು ದಿನ ಹತ್ತಿರ ಇದ್ದೆ. ಒಂದು ಮಧ್ಯಾಹ್ನ ಸೂರು ನೋಡುತ್ತ ಅವನೇ ಅಂದ: "ಆಕಿ ನಿಂದ್ರಪಾ ಅಂದಾಗ ನಾ ನಿಂದ್ರಬಾರದಿತ್ತು ಪಾರಿ."

"ಅಣ್ಣಾ" ಎಂದೆ. ದಬ್ಬೆಯ ಮಾತು ನಾಲಗೆಯ ತುದಿಗೇ ಬಂದಿತ್ತು.

ಆ ದಿನ ಅವನು ನನ್ನ ಕಡೆ ತಿರುಗಿದ. "ಏನವ್ವಾ?"

"ನೀರು ಬೇಕೇನು?" ಎಂದೆ.

ಬೇಡವೆಂದು ತಲೆ ಆಡಿಸಿ ಗೋಡೆಯ ಕಡೆ ಹೊರಳಿದ. ಮೂರು ದಿನದ ಮೇಲೆ ಹೋದ.

ಈಗ ಹೊಳೆ ದಾಟುವವರು ಬಸ್ಸಿನಲ್ಲಿ ಹೋಗುತ್ತಾರೆ. ಹೊಳೆಯಲ್ಲಿ ನೀರಿಗಿಂತ ಮರಳು ಹೆಚ್ಚು, ಮರಳಿಗಿಂತ ಗುಂಡಿ ಹೆಚ್ಚು. ಆಚೆ ದಂಡೆಯಿಂದ ಯಾರೂ ಕೂಗುವುದಿಲ್ಲ. ಕೂಗಿದರೆ ಉಣ್ಣುವುದನ್ನು ಬಿಟ್ಟು ಏಳುವವರು ನಮ್ಮ ಮನೆಯಲ್ಲಿ ಇಬ್ಬರಿದ್ದರು. ಒಬ್ಬನನ್ನು ಕಾಮಾಲೆ ಒಯ್ದಿತು. ಇನ್ನೊಬ್ಬನನ್ನು ಕೂರಿಸಿದವಳು ನಾನು.