ಬಾವಲಿಗೊಂದು ಶಿಫಾರಸು

ನನ್ನ ಗೆಳತಿಗೆ ಬಾವಲಿ ಎಂಬ ಹೆಸರು ಕಾಲೇಜಿನಲ್ಲೇ ಬಿತ್ತು. ಇಟ್ಟವಳು ನಾನೇ. ಚಿತ್ರಕಲೆಯ ತರಗತಿಯಲ್ಲಿ ನಾವೆಲ್ಲ ಮೇಜಿನ ಮೇಲಿಟ್ಟ ಹೂಜಿಯನ್ನು ನೆಟ್ಟಗೆ ಕೂತು ಬರೆಯುತ್ತಿದ್ದರೆ, ಈ ಮಹಾತಾಯಿ ಹೂಜಿಗೆ ಬೆನ್ನು ಹಾಕಿ, ಬಗ್ಗಿ, ಕಾಲ ಸಂದಿಯಿಂದ ಅದನ್ನು ನೋಡುತ್ತಿದ್ದಳು. "ಹೂಜಿ ಅಂತ ಗೊತ್ತಾದ ಕೂಡಲೇ ಕೈ ಸುಳ್ಳು ಹೇಳುತ್ತೆ ಕಣೇ. ತಲೆಕೆಳಗಾಗಿ ನೋಡಿದ್ರೆ ಏನಿದೆಯೋ ಅಷ್ಟೇ ಕಾಣುತ್ತೆ" ಎನ್ನುವುದು ಅವಳ ವಾದ. ಮೇಷ್ಟ್ರು ಬೈದು ಬೈದು ಸುಸ್ತಾಗಿ ಸುಮ್ಮನಾದರು.

ಕಾಲೇಜು ಮುಗಿದ ಮೇಲೆ ನಾನು ಬೋರ್ಡು ಬರೆಯುವ ಕೆಲಸ ಹಿಡಿದೆ. ಔಷಧಿ ಅಂಗಡಿ, ಹಲ್ಲಿನ ಡಾಕ್ಟರು, ಲಾಂಡ್ರಿ, ಯಾರು ಕರೆದರೂ ಡಬ್ಬಿ ಬ್ರಶ್ಶು ಹಿಡಿದು ಹೊರಡುವವಳು. ಬಾವಲಿ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆದಳು, ಬಸ್ಸು ರಿಪೇರಿ ಮಾಡುವವನನ್ನು ಮದುವೆಯಾದಳು, ಒಬ್ಬ ಮಗಳನ್ನು ಹೆತ್ತಳು. ಇಷ್ಟಾದರೂ ನಾವಿಬ್ಬರೂ ಟೈರ್ ಅಂಗಡಿಯ ಮೇಲಿನ ಒಂದು ಕೋಣೆಯನ್ನು ಬಿಡಲಿಲ್ಲ. ಕಿಟಕಿಯ ಪಕ್ಕ ನನ್ನ ಬೋರ್ಡುಗಳು, ಎದುರು ಗೋಡೆಗೆ ಅವಳ ಹಲಗೆ. ನಮ್ಮಲ್ಲಿ ಒಂದೇ ಕರಾರು: ಕೆಲಸ ನಡೆಯುವಾಗ ಇದೇನು, ಅದ್ಯಾಕೆ ಎಂದು ಕೇಳುವಂತಿಲ್ಲ. ಕೇಳಿದರೆ ಕೈ ನಿಂತುಹೋಗುತ್ತದೆ. ಬೇರೆ ಎಲ್ಲದರ ಬಗ್ಗೆಯೂ ಬಾಯಿ ನೋಯುವಷ್ಟು ಹರಟುತ್ತಿದ್ದೆವು.

ದೊಡ್ಡ ಕಲಾಶಾಲೆಯಲ್ಲಿ ಸ್ನಾತಕೋತ್ತರ ಓದಬೇಕು ಎನ್ನುವುದು ಅವಳ ಹಳೆಯ ಆಸೆ. ಮಗಳು ಚಿಕ್ಕವಳಿದ್ದಾಗ ಒಮ್ಮೆ ಅರ್ಜಿ ಹಾಕಿದ್ದಳು. "ಕೈ ಪಳಗಿದೆ, ಕಣ್ಣು ಇನ್ನೂ ತೆರೆದಿಲ್ಲ" ಎಂದು ಹೇಳಿ ಕಳಿಸಿದ್ದರು. ಅಯ್ಯೋ, ಎಂಥ ಮಾತು ಅದು! ಆಮೇಲೆ ಎಷ್ಟೋ ದಿನ ಅವಳು ಬ್ರಶ್ಶು ಮುಟ್ಟಲಿಲ್ಲ. ಆ ಮಾತು ಹೇಳಿದವರು ಸಿಕ್ಕಿದ್ದರೆ ನನ್ನ ಕೆಂಪು ಬಣ್ಣದ ಡಬ್ಬಿಯನ್ನು ಅವರ ತಲೆ ಮೇಲೆ ಸುರಿದುಬಿಡುತ್ತಿದ್ದೆ.

ಈ ವರ್ಷ ತಪ್ಪಿದರೆ ವಯಸ್ಸಿನ ಮಿತಿ ದಾಟಿಹೋಗುತ್ತದೆ. ಮಗಳೂ ಈಗ ಕಾಲೇಜು ಸೇರಿದ್ದಾಳೆ. "ಈ ಸಲ ಆಗದಿದ್ರೆ ಬಣ್ಣದ ಪೆಟ್ಟಿಗೆ ನಿನಗೇ" ಎಂದು ಅಮ್ಮ ಹೇಳಿದರೆ, "ನನಗ್ಯಾಕಮ್ಮ ಆ ಗ್ರಹಚಾರ, ನೀನೇ ಇಟ್ಕೋ" ಎಂದಳಂತೆ ಮಗಳು. ಗಂಡ ಗ್ರೀಸು ಕೈಯಲ್ಲೇ ಚಿತ್ರಗಳಿಗೆ ಮರದ ಪೆಟ್ಟಿಗೆ ಮಾಡಿಕೊಟ್ಟ.

ಆ ಶಾಲೆಯದೊಂದು ವಿಚಿತ್ರ ಪದ್ಧತಿ. ಚಿತ್ರ ಬರೆದವರು ಹೊರಗೆ ಕೂರಬೇಕು. ಶಿಫಾರಸು ಮಾಡುವವರು ಒಳಗೆ ಹೋಗಿ, ಚಿತ್ರಗಳನ್ನು ಜೋಡಿಸಿಟ್ಟು, ಅವರ ಪರವಾಗಿ ಮಾತಾಡಬೇಕು. ಆಮೇಲಷ್ಟೇ ಬರೆದವರಿಗೆ ಕರೆ. ಬಾವಲಿ ನನ್ನನ್ನು ಕೇಳಿದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ, ನನಗೆ ಬಾಯಿಗೇನು ಬರ? "ನೀನು ಹೊರಗೆ ಕಾಲು ಚಾಚಿ ಕೂತಿರು. ಸೀಟು ತಂದು ನಿನ್ನ ಮಡಿಲಿಗೆ ಹಾಕ್ತೀನಿ" ಎಂದೆ.

ಒಳಗೆ ಉದ್ದನೆಯ ಬಿಳಿ ಕೋಣೆ, ಗೋಡೆಗೆ ಮರದ ಅಂಚು. ಮೇಜಿನ ಹಿಂದೆ ಒಬ್ಬ ಹಿರಿಯ ಪ್ರಾಧ್ಯಾಪಕಿ, ಪಕ್ಕದಲ್ಲಿ ಮಾತಾಡದ ಒಬ್ಬ ಗಡ್ಡದವರು. ನಾನು ಪೆಟ್ಟಿಗೆ ಬಿಚ್ಚಿ ಚಿತ್ರಗಳನ್ನು ಅಂಚಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಎದುರು ಗೋಡೆಯಲ್ಲಿ ದಿನಾ ನೋಡಿದ ಚಿತ್ರಗಳೇ. ಮಂದ ಬಣ್ಣದಲ್ಲಿ ನಿಂತ ಜನ: ಶಾಲೆಯ ಆಯಾ, ಬಸ್ಸಿಗೆ ಕಾದವರು, ಕೊನೆಯ ಚಿತ್ರದಲ್ಲಿ ಕೈಯಲ್ಲಿ ಡಬ್ಬಿ ಹಿಡಿದ ಒಬ್ಬ ಹೆಂಗಸು. ಎಲ್ಲರ ಮುಖವೂ ಅಲುಗಿದಂತೆ, ಕದಡಿದಂತೆ. ಕೆಳಗಂಚಿನಲ್ಲಿ ಮಾತ್ರ ಪಾದಗಳು ಸ್ಪಷ್ಟ.

ಶುರು ಮಾಡಿದೆ ನೋಡಿ. "ಇವಳಿಗೆ ಕಣ್ಣಿಲ್ಲ ಅಂತ ಹಿಂದೆ ಇಲ್ಲೇ ಯಾರೋ ಅಂದಿದ್ರಂತೆ. ಈ ಮುಖಗಳನ್ನ ನೋಡಿ ಮೇಡಂ. ಈಗಲೋ ಆಗಲೋ ಅಳೋ ಹಾಗಿವೆ. ಈ ಡಬ್ಬಿ ಹಿಡಿದವಳಂತೂ ಬಿದ್ದೇ ಹೋಗ್ತಾಳೆ, ಪಾಪ. ಒಳಗೆ ನಡುಗೋ ಜನರನ್ನ ಹೀಗೆ ಬರೆಯೋರು ಇನ್ನೊಬ್ಬರನ್ನ ತೋರಿಸಿ ನೋಡೋಣ!" ಮೇಜು ಗುದ್ದಲು ಎತ್ತಿದ ಕೈಯನ್ನು ಹೇಗೋ ತಡೆದುಕೊಂಡೆ. ಪ್ರಾಧ್ಯಾಪಕಿ ತಲೆದೂಗಿದರು. ಗೆದ್ದೆ ಎಂದುಕೊಂಡೆ.

ಬಾವಲಿಯನ್ನು ಕರೆದರು. ಬಾಗಿಲಲ್ಲೇ ನಿಂತು ಗೋಡೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಗೋಡೆ ನೋಡಿದಳು.

"ಏ ಕತ್ತೆ, ಎಲ್ಲಾ ತಲೆಕೆಳಗಾಗಿ ಇಟ್ಟಿದೀಯಲ್ಲೇ!"

ಆ ಗೀಳನ್ನು ಅವಳು ಎಂದೋ ಬಿಟ್ಟಳು ಎಂದೇ ನಂಬಿದ್ದೆ. ನನ್ನ ಕಣ್ಣಿಗೆ ಜನ ನೆಟ್ಟಗೇ ನಿಂತಿದ್ದರಲ್ಲ! ಅವಳು ಒಂದೊಂದೇ ಹಲಗೆಯನ್ನು ತಿರುಗಿಸುತ್ತ ಹೋದಳು. ಪಾದಗಳು ಮೇಲಂಚಿಗೆ ಹೋದವು, ಜನ ಕೆಳಗೆ ಇಳಿಬಿದ್ದರು, ಆಗ ಕಂಡಿತು ನೀರು. ಒರೆಸಿದ ಶಾಲೆಯ ನೆಲ, ಪೈಪು ಒಡೆದು ಹರಿದ ರಸ್ತೆ, ಟೈರ್ ಅಂಗಡಿಯ ಮುಂದಿನ ಕೊಚ್ಚೆಗುಂಡಿ. ಅವಳು ಬರೆದದ್ದು ನೀರಿನಲ್ಲಿ ಕಂಡ ಪ್ರತಿಬಿಂಬವನ್ನು. ಬರೆಯುವಾಗ ಹಲಗೆಯನ್ನು ತಿರುಗಿಸಿ ನಿಲ್ಲಿಸಿದ್ದಳು, ನಾನು ಅದನ್ನೇ ಚಿತ್ರವೆಂದುಕೊಂಡಿದ್ದೆ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡ ಹಾಗಾಯಿತು. ಅವಲಕ್ಷಣ ನನಗಾದರೆ ಹಾಳಾಗಿ ಹೋಗಲಿ, ಸೀಟು ಹೋದರೆ?

ಗಡ್ಡದವರು ಮೊದಲ ಸಲ ಬಾಯಿ ಬಿಟ್ಟರು. "ನಿಮ್ಮ ಸ್ನೇಹಿತೆ ಈ ಜನ ಒಳಗೇ ನಡುಗ್ತಿದ್ದಾರೆ ಅಂದ್ರು. ನೀವೇನಂತೀರಿ?"

"ನಡುಗಿದ್ದು ನೀರು ಸಾರ್. ಜನ ಗಟ್ಟಿಯಾಗೇ ನಿಂತಿದ್ದಾರೆ. ಪಾದ ನೋಡಿ." ಅವಳು ಕೊನೆಯ ಚಿತ್ರದ ಮೇಲಂಚಿಗೆ ಬೆರಳಿಟ್ಟಳು. "ಇವಳಂತೂ ಎಂದೂ ಬಿದ್ದವಳಲ್ಲ. ಕಣ್ಣು ತೆರೆದಿಲ್ಲ ಅನ್ನೋ ಆ ಮಾತು ಕೇಳಿ ನಾನು ಬ್ರಶ್ಶು ಮುಟ್ಟದೇ ಕೂತಿದ್ದಾಗಲೂ ನನ್ನ ಹಲಗೆ ಧೂಳು ದಿನಾ ಒರೆಸಿಟ್ಟವಳು. ಮಾತು ಜಾಸ್ತಿ, ಅಷ್ಟೇ."

ಹತ್ತಿರ ಹೋಗಿ ನೋಡಿದೆ. ಹೆಬ್ಬೆರಳಿನ ಹತ್ತಿರ ಕೆಂಪು ಬಣ್ಣ ಚೆಲ್ಲಿದ, ಪಟ್ಟಿಗೆ ತಂತಿ ಬಿಗಿದ ಚಪ್ಪಲಿ. ತಲೆ ಬಗ್ಗಿಸಿ ನನ್ನ ಕಾಲು ನೋಡಿಕೊಂಡೆ. ಅದೇ ಚಪ್ಪಲಿ. ಯಾವುದಕ್ಕೂ ಕಣ್ಣೀರು ಹಾಕದ ನಾನು ಆ ಬಿಳಿ ಕೋಣೆಯಲ್ಲಿ, ಇಬ್ಬರು ದೊಡ್ಡವರ ಎದುರಿಗೆ, ತೋಳಿನಿಂದ ಕಣ್ಣೊರೆಸಿಕೊಂಡೆ.

"ಪಾಪ ಅಂದ್ರಲ್ಲ, ಅದು ನೀವೇನಾ?" ಎಂದು ಪ್ರಾಧ್ಯಾಪಕಿ ಕೇಳಿದರು.

"ಹೂಂ ಮೇಡಂ," ಎಂದೆ. ಅಷ್ಟು ಚಿಕ್ಕ ಉತ್ತರವನ್ನು ನಾನು ಜನ್ಮದಲ್ಲಿ ಕೊಟ್ಟಿರಲಿಲ್ಲ.

ಅವರು ಎದ್ದು ಬಂದು ಸಾಲನ್ನು ಮೊದಲಿನಿಂದ ನೋಡಿದರು. ಕೊನೆಯ ಚಿತ್ರದ ಮುಂದೆ ತುಂಬ ಹೊತ್ತು ನಿಂತು, "ಶಿಫಾರಸು ತಪ್ಪಾಯ್ತು. ಆದರೆ ಶಿಫಾರಸು ಮಾಡಿದವರನ್ನ ಇವರು ಸರಿಯಾಗೇ ನೋಡಿದ್ದಾರೆ" ಎಂದು ಗಡ್ಡದವರಿಗೆ ಹೇಳಿದರು. ಸೀಟು ಅಲ್ಲೇ ಸಿಕ್ಕಿತು.

ಓದಲು ಹೊರಡುವ ಮುನ್ನ ಬಾವಲಿ ಆ ಚಿತ್ರವನ್ನು ನನ್ನ ಕಿಟಕಿಯ ಪಕ್ಕ ತಾನೇ ನೇತುಹಾಕಿ, ಹಿಂದೆ ಮುಂದೆ ನೋಡಿ, ಮೊಳೆ ಬಡಿದು ಭದ್ರ ಮಾಡಿದಳು. "ಮತ್ತೆ ತಿರುಗಿಸಿಗಿರುಗಿಸೀಯಾ, ಜೋಕೆ!" ಎಂದಳು. ನಾನು ತಿರುಗಿಸಿಲ್ಲ. ಕೋಣೆಯಲ್ಲಿ ಈಗ ನಾನೊಬ್ಬಳೇ, ಬಹಳ ಬೇಜಾರಾಗುತ್ತದೆ. ತೀರಾ ತಡೆಯದಾದಾಗ ಚಿತ್ರಕ್ಕೆ ಬೆನ್ನು ಹಾಕಿ, ಬಗ್ಗಿ, ಕಾಲ ಸಂದಿಯಿಂದ ನನ್ನನ್ನು ನಾನು ನೋಡಿಕೊಳ್ಳುತ್ತೇನೆ.