ಅತ್ತೆಗೆ ನಾನೇ ತವರು

ಅತ್ತೆಯ ಎಡಗೈ ತೋರುಬೆರಳಿನ ಮೇಲೆ ಒಂದು ಗೀರು ಇತ್ತು. ಗಾಯದ ಗುರುತಲ್ಲ. ರಾಟಿಯ ಮುಂದೆ ಕುಳಿತು ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವಾಗ ನೂಲು ಹಾದುಹೋಗುವ ದಾರಿ ಅದು. ಮದುವೆಯಾಗಿ ಬನಹಟ್ಟಿಗೆ ಬಂದ ದಿನದಿಂದ ಅದೇ ಬೆರಳಿನ ಅದೇ ಜಾಗದಲ್ಲಿ ನೂಲು ಓಡಿ ಓಡಿ, ಬಾವಿಕಟ್ಟೆಯ ಕಲ್ಲನ್ನು ಹಗ್ಗ ಸವೆಸುವಂತೆ ಸವೆಸಿತ್ತು. ರೊಟ್ಟಿ ಬಡಿಯುವಾಗ ಅದರೊಳಗೆ ಹಿಟ್ಟು ಕೂತು ಬಿಳಿ ಗೆರೆಯಾಗುತ್ತಿತ್ತು. ಚಿಕ್ಕವಳಿದ್ದಾಗ ನಾನು ಅದರಲ್ಲಿ ನನ್ನ ಉಗುರು ಇಟ್ಟು ನೋಡುತ್ತಿದ್ದೆ. ಸರಿಯಾಗಿ ಕೂಡುತ್ತಿತ್ತು.

ಆಕೆ ನನ್ನ ತಂದೆಯ ಒಬ್ಬಳೇ ಅಕ್ಕ. ಆಮೇಲೆ ನನ್ನ ಗಂಡನ ತಾಯಿಯೂ ಆದಳು. ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ. ಅತ್ತೆಗೆ ಮಗನಿದ್ದೂ ಹೊರಗೆ ವರ ಹುಡುಕಿದರೆ ಜನ ಕಾರಣ ಕೇಳುತ್ತಾರೆ. ಮದುವೆಗೆ ಮುಂಚೆ ಆಕೆಯನ್ನು ‘ನೀ’ ಅನ್ನುತ್ತಿದ್ದೆ. ಅಕ್ಷತೆ ಬಿದ್ದ ಮೇಲೆ ನಾಲ್ಕು ಮಂದಿ ನೋಡುತ್ತಾರೆಂದು ಮಾತಿಗೆ ‘ರೀ’ ಹಚ್ಚಿದೆ. ಏಳು ವರ್ಷದ ನಂತರ ಜಮಖಂಡಿಯ ಕೋರ್ಟಿನಲ್ಲಿ ನಾನೂ ಆಕೆಯ ಮಗನೂ ಒಪ್ಪಿಗೆಯಿಂದ ಬೇರೆಯಾದೆವು. ಮೆಟ್ಟಿಲಿಳಿಯುವಾಗ “ಅತ್ತಿ, ನೀರ ಕುಡೀತೀರೇನ್ರಿ?” ಎಂದು ಕೇಳಿದೆ.

“ಇನ್ನ ಆ ‘ರೀ’ ತಗದ ಒಗಿ. ಸಾಕಾತು ನನಗ,” ಎಂದಳು. ಅಂದಿನಿಂದ ಮತ್ತೆ ‘ನೀ’.

ಬೇರೆಯಾಗಲು ದೊಡ್ಡ ಕಾರಣವಿರಲಿಲ್ಲ. ಕುಡಿತವಿಲ್ಲ, ಹೊಡೆತವಿಲ್ಲ. ಮಕ್ಕಳಾಗಲಿಲ್ಲ, ಮಾತು ಕಡಿಮೆಯಾಯಿತು, ಕೊನೆಗೆ ಊಟಕ್ಕೆ ಏನು ಮಾಡಲಿ ಎಂಬುದೊಂದೇ ಮಾತು ಉಳಿಯಿತು. ನಾನು ಜಮಖಂಡಿಗೆ ಬಂದು ತಂದೆಯ ಮನೆಯಲ್ಲಿ ಉಳಿದೆ. ತಂದೆ ತಾಯಿ ಇಬ್ಬರೂ ಅಷ್ಟು ಹೊತ್ತಿಗೆ ಇರಲಿಲ್ಲ. ಹುನ್ನೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಮೊದಲಿನಿಂದಲೂ ಇತ್ತು, ಅದು ಹಾಗೇ ನಡೆಯಿತು.

ನನಗೊಬ್ಬ ಗೆಳತಿಯಿದ್ದಳು, ಮುಧೋಳದವಳು. ಬಿ.ಎಡ್. ಓದುವಾಗ ಒಂದೇ ಖೋಲಿಯಲ್ಲಿದ್ದೆವು. ನನ್ನ ಮದುವೆಯ ಸೀರೆ ಆರಿಸಿದವಳೇ ಆಕೆ. “ಹಳದಿ ಒಂದ ಬಿಟ್ಟ ಏನರ ತಗೊ. ಹಳದಿ ಉಟ್ರ ಕಾಮಣಿ ಬ್ಯಾನಿ ಆದವರಂಗ ಕಾಣ್ತಿ,” ಎಂದು ಅಂಗಡಿಯವನ ಮುಂದೆಯೇ ಅಂದಿದ್ದಳು. ಆಕೆಗೆ ಬನಹಟ್ಟಿಯ ಪಕ್ಕದ ರಬಕವಿಯಲ್ಲಿ ನೌಕರಿ ಸಿಕ್ಕ ಮೇಲೆ ವಾರಕ್ಕೆರಡು ಸಲ ನಮ್ಮ ಮನೆಯಲ್ಲೇ ಊಟ. ಕೋರ್ಟಿನ ಕೆಲಸ ಮುಗಿದ ಮೇಲೆ ಆಕೆಯ ಫೋನು ನಿಂತಿತು. ಯಾರ ಪಕ್ಷ ಹಿಡಿಯುವುದೆಂದು ಸಂಕೋಚಪಡುತ್ತಿದ್ದಾಳೆ ಎಂದುಕೊಂಡೆ. ನನ್ನ ಲೆಕ್ಕ ತಪ್ಪುವುದಿಲ್ಲ ಎಂಬ ಜಂಬ ನನಗೆ ಆಗಲೂ ಇತ್ತು.

ನಿಜ ಹೇಳಲು ಬಂದವಳು ಅತ್ತೆ. ಅದನ್ನು ಹೇಳುವ ಮುಂಚೆ ಆಕೆಯ ದನಿಯ ಬಗ್ಗೆ ಹೇಳಬೇಕು.

ಅತ್ತೆಯ ಮನೆಯಲ್ಲಿ ನಾಲ್ಕು ಪಾವರ್‌ಲೂಮು. ಅವು ನಡೆಯುವಾಗ ಎದುರಿಗಿದ್ದವರ ಮಾತನ್ನು ಬಾಯಿ ನೋಡಿಯೇ ತಿಳಿಯಬೇಕು. ಹಾಗಾಗಿ ಯಾರಿಗೂ ಕೇಳಬಾರದ ಮಾತಿದ್ದರೆ ಅತ್ತೆ ನಮ್ಮನ್ನು ಮಗ್ಗದ ಪಕ್ಕಕ್ಕೆ ಎಳೆದೊಯ್ದು, ಮುಖಕ್ಕೆ ಮುಖ ಕೊಟ್ಟು, ಗಂಟಲು ಹರಿಯುವಂತೆ ಒದರುತ್ತಿದ್ದಳು. ಅದು ನಮ್ಮ ಮನೆಯ ಗುಟ್ಟಿನ ಜಾಗ. ಕರೆಂಟು ಹೋದರೆ ಎಲ್ಲರೂ ಅರ್ಧ ಮಾತಿಗೇ ಬಾಯಿ ಮುಚ್ಚಿಕೊಳ್ಳುತ್ತಿದ್ದೆವು. ಪಿಸುಗುಡುವುದು ಎಂಬುದೊಂದಿದೆ ಎಂದು ಆಕೆ ಕೇಳಿ ಬಲ್ಲಳು, ಕಲಿತಿರಲಿಲ್ಲ.

ಆ ದಿನ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ಅತ್ತೆ, ಕೈಯಲ್ಲೊಂದು ಚೀಲ. ಒಳಗೆ ಕರೆದರೂ ಬರಲಿಲ್ಲ, ತಾಸು ಮುಗಿಯುವ ತನಕ ನಿಂತೇ ಇದ್ದಳು. ಗಂಟೆಯಾದ ಮೇಲೆ ನನ್ನನ್ನು ಬಯಲಿನ ಬೇವಿನ ಗಿಡದ ಬುಡಕ್ಕೆ ಕರೆದೊಯ್ದಳು. ಅತ್ತಿತ್ತ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು, ತನ್ನ ಮಟ್ಟಿಗೆ ಮೆಲ್ಲಗೆ ಹೇಳಿದಳು.

“ನಿನ್ನ ಮುಧೋಳದ ಗೆಳತಿ ಮತ್ತ ನನ್ನ ಮಗ ಕೂಡ್ಯಾರ. ಮದವೀನೂ ಆಗ್ತಾರಂತ. ಮಂದಿ ಬಾಯಿಂದ ನಿನಗ ತಿಳೀಬಾರ್ದಂತ ನಾನ ಬಂದೇನಿ.”

ಒಂಬತ್ತನೆಯವರ ಕಿಟಕಿಯಲ್ಲಿ ತಲೆಗಳು ಎದ್ದವು. ಸ್ಟಾಫ್‌ರೂಮಿನಲ್ಲಿ ಡಬ್ಬಿ ಬಿಚ್ಚುತ್ತಿದ್ದವರ ಕೈ ನಿಂತಿತು.

“ಅತ್ತಿ, ಸಣ್ಣಾಗಿ ಹೇಳ.”

“ಸಣ್ಣಾಗೇ ಹೇಳಾಕತ್ತೇನಲ್ಲ!” ಇದು ಕಾಂಪೌಂಡಿನ ಆಚೆಗೂ ಕೇಳಿತು.

ಹೆಡ್‌ಮಾಸ್ತರರು ಏನೂ ಕೇಳದೆ ಎರಡು ಕಪ್ ಚಹಾ ಕಳಿಸಿದರು. ಅತ್ತೆ ತನ್ನದನ್ನು ಕುಡಿದು, ನಾನು ಮುಟ್ಟದೆ ಬಿಟ್ಟದ್ದನ್ನೂ ಕುಡಿದು, ಬಸ್ಸಿಗೆ ಹೋದಳು. ನಾನು ಹತ್ತನೆಯ ತರಗತಿಗೆ ಹೋಗಿ ಪಾಠ ಮಾಡಿದೆ. ಅಂದಾಗಲಿ ಆಮೇಲಾಗಲಿ ಶಾಲೆಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಲು ಏನೂ ಉಳಿದಿರಲಿಲ್ಲ. ಮಂದಿಗೆ ಗೊತ್ತಾದರೆ ಹೇಗೆ ಎಂದು ನಾನು ಹೆದರಬೇಕಾಗಿದ್ದ ಆರು ತಿಂಗಳನ್ನು ಅತ್ತೆ ಐದು ನಿಮಿಷದಲ್ಲಿ ಮುಗಿಸಿಬಿಟ್ಟಿದ್ದಳು.

ಹೊರಗೆ ನಾನು ಸರಿಯಾಗಿಯೇ ಇದ್ದೆ. ಒಳಗೆ ಸಿಟ್ಟಿತ್ತು. ಗಂಡನ ಮೇಲೆ ಅಷ್ಟಿರಲಿಲ್ಲ, ಆತ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹೋಗಿದ್ದ. ಗೆಳತಿ ಒಂದೇ ದಿನದಲ್ಲಿ ಹೋದಳು, ಹಿಂದಿನದನ್ನೆಲ್ಲ ಸಂಶಯಕ್ಕೆ ಹಚ್ಚಿ ಹೋದಳು. ನಮ್ಮ ಮನೆಯಲ್ಲಿ ಆಕೆ ಯಾವಾಗ ಯಾರ ಮಾತಿಗೆ ನಕ್ಕಿದ್ದಳು, ಬಸ್‌ಸ್ಟ್ಯಾಂಡಿಗೆ ಬಿಡಲು ಯಾರು ಹೋಗಿದ್ದರು, ಹೊಳ್ಳಿ ಬರಲು ಎಷ್ಟು ಹೊತ್ತು ಹಿಡಿದಿತ್ತು, ಎಲ್ಲವನ್ನೂ ತೆಗೆದು ಮತ್ತೆ ಮತ್ತೆ ನೋಡಿದೆ. ಒಂದೊಂದು ಸಲ ಒಂದೊಂದು ಉತ್ತರ ಬಂತು. ನಾನು ಬನಹಟ್ಟಿಗೆ ಹೋಗುವುದನ್ನು ಬಿಟ್ಟಿದ್ದರಿಂದ ಅತ್ತೆಯೇ ಜಮಖಂಡಿಗೆ ಬರುತ್ತಿದ್ದಳು. ನನ್ನ ಪ್ರಶ್ನೆಗಳನ್ನು ಎರಡು ಸಲ ಕೇಳಿಸಿಕೊಂಡಳು. ಮೂರನೆಯ ಸಲ, “ಅದ ಪೇಪರ್ ಎಷ್ಟ ಸಲ ತಿದ್ದತಿ? ಮಾರ್ಕ್ಸ್ ಹಾಕಿ ಕಟ್ಟಿ ಇಡ,” ಎಂದಳು.

ಅವರಿಬ್ಬರ ಮದುವೆಯಾದ ವರ್ಷ ನಾಗರ ಪಂಚಮಿಯ ಮುಂದೆ ಅತ್ತೆ ಡಬ್ಬಿಯಲ್ಲಿ ಶೇಂಗಾ ಉಂಡಿ ಹಿಡಿದು ಬಂದಳು.

“ಹಬ್ಬಕ್ಕ ಕರಿಯಾಕ ಬಂದೇನಿ. ನಡಿ.”

“ಆ ಮನ್ಯಾಗ ನಾ ಕಾಲ ಇಡೂದಿಲ್ಲ, ಅತ್ತಿ.”

ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ಹೆಬ್ಬೆರಳಿನಿಂದ ಆ ಗೀರನ್ನು ಉಜ್ಜಿದಳು.

“ನಿಮ್ಮಪ್ಪ ಹೋದ. ಅಣ್ಣತಮ್ಮರ ನಿನಗಿಲ್ಲ. ನನ್ನ ತವರ ಅಂದ್ರ ಈಗ ನೀ ಒಬ್ಬಾಕಿ. ನಾ ಸತ್ತ ದಿನ ತವರ ಸೀರಿ ತರಾಕಿ ಯಾರ?”

ನಮ್ಮಲ್ಲಿ ಹೆಣ್ಣು ಎಷ್ಟೇ ವಯಸ್ಸಾಗಿ ತೀರಿಕೊಳ್ಳಲಿ, ಮಣ್ಣಿಗೆ ಹೋಗುವಾಗ ಮೈಮೇಲೆ ತವರಿನವರು ತಂದ ಸೀರೆ ಇರಬೇಕು. ತರುವವರಿಲ್ಲದಿದ್ದರೆ ಓಣಿಯ ಹೆಂಗಸರು ‘ಪಾಪ’ ಅನ್ನುತ್ತಾರೆ. ಅತ್ತೆ ಗಂಡನ ಸಾವು ತಡೆದುಕೊಂಡಿದ್ದಳು, ಮಗನ ಸಂಸಾರ ಮುರಿದದ್ದನ್ನೂ ತಡೆದುಕೊಂಡಿದ್ದಳು. ‘ಪಾಪ’ ಅನ್ನಿಸಿಕೊಳ್ಳುವುದೊಂದನ್ನು ತಡೆದುಕೊಳ್ಳಲಾರಳು.

“ಅವತ್ತ ಬರ್ತೀನಿ ಬಿಡ,” ಎಂದೆ.

“ಅವತ್ತ ಒಮ್ಮೆಲೆ ಹೆಂಗ ಬರ್ತಿ? ಬಾಗಲದಾಗ ಅವರಿಬ್ರನ್ನ ನೋಡಿದ ಕೂಡ್ಲೆ ಕಾಲ ನಡಗ್ತಾವ. ಸೀರಿ ಹಿಡಕೊಂಡ ಹೊಳ್ಳಿ ಹೋಗ್ತಿ. ನಾ ನಿನ್ನ ದಾರಿ ಕಾಯಕೋತ ಕುಂತಿರಬೇಕು. ಈಗಿಂದ ರೂಢಿ ಮಾಡ್ಕೊ.”

ತನ್ನ ಸಾವಿಗೆ ಅತ್ತೆ ನನಗೆ ತಾಲೀಮು ಕೊಡಲು ನಿಂತದ್ದು ಹೀಗೆ. ನನ್ನ ಮನಸ್ಸು ಹಗುರಾಗಲಿ, ನಾನು ಅವರನ್ನು ಕ್ಷಮಿಸಲಿ ಎಂಬ ಯಾವ ಮಾತೂ ಆಕೆಯ ಬಾಯಿಂದ ಬರಲಿಲ್ಲ. ಆಕೆಗೆ ಬೇಕಾದದ್ದು ಸೀರೆ. ಬಹುಶಃ ಅದಕ್ಕೇ ನಾನು ಒಪ್ಪಿದೆ.

ತಿಂಗಳಿಗೊಂದು ಭಾನುವಾರ. ಅಂದು ಗೆಳತಿ ಮುಧೋಳಕ್ಕೆ ತನ್ನ ತವರಿಗೆ ಹೋಗಿರುತ್ತಿದ್ದಳು. ಮಗನನ್ನು ಅತ್ತೆ ಏನಾದರೊಂದು ನೆವ ಮಾಡಿ ಬೀಳಗಿಗೋ ಇನ್ನೆಲ್ಲಿಗೋ ಅಟ್ಟುತ್ತಿದ್ದಳು. ಮೊದಲ ಸಲ ಓಣಿಯ ಮೂಲೆಯ ಗಿರಣಿಯ ತನಕ. ಎರಡನೆಯ ಸಲ ಪಕ್ಕದ ಮನೆಯ ಕಟ್ಟೆಯ ಮೇಲೆ ಚಹಾ. ಆಮೇಲೆ ನಮ್ಮ ಕಟ್ಟೆ. “ಇವತ್ತಿಗೆ ಇಷ್ಟ ಸಾಕ, ಹೋಗ,” ಎಂದು ಪ್ರತಿ ಸಲ ಅತ್ತೆಯೇ ಎಬ್ಬಿಸಿ ಕಳಿಸುತ್ತಿದ್ದಳು. ಅಡುಗೆಮನೆಗೆ ಹೋಗುವಷ್ಟರಲ್ಲಿ ಬೇಸಿಗೆ ಬಂದಿತ್ತು. ಉಪ್ಪಿನ ಭರಣಿಯ ಜಾಗ ಬದಲಾಗಿತ್ತು. ನಾನು ಮರೆತವಳಂತೆ ಅದನ್ನು ಎತ್ತಿ ಹಳೆಯ ಜಾಗದಲ್ಲಿಟ್ಟೆ. ಅತ್ತೆ ಮತ್ತೆ ತೆಗೆದು ಹೊಸ ಜಾಗದಲ್ಲೇ ಇಟ್ಟಳು. “ಅದು ಆಕಿ ಇಟ್ಟಿದ್ದು. ಇರಲಿ.”

ಅಳು ಬಂತು. ಅತ್ತೆ ಒಮ್ಮೆಯಾದರೂ ಆಕೆಯನ್ನು ಬೈಯಲಿ ಎಂದು ನಾನು ಕಾದಿದ್ದೆ, ಸುಳ್ಳೇಕೆ ಹೇಳಲಿ. ಅಂದು ಕೇಳಿಯೂ ಬಿಟ್ಟೆ.

“ಆಕೀನೂ ದುಡದ ಬಂದ ರೊಟ್ಟಿ ಬಡೀತಾಳ,” ಎಂದಳು ಅತ್ತೆ. “ನಿನ್ನ ಸಲುವಾಗಿ ಆಕೀನ್ನ ಬೈಯೂದಿಲ್ಲ. ಆಕಿ ಸಲುವಾಗಿ ನಿನ್ನ ಬಿಡೂದಿಲ್ಲ. ಉಣ್ಣ ಈಗ.”

ಮುಂದಿನ ತಿಂಗಳ ಭಾನುವಾರ ಗೆಳತಿ ಮುಧೋಳಕ್ಕೆ ಹೋಗಿರಲಿಲ್ಲ. ಅತ್ತೆಯೇ ತಡೆದಿದ್ದಳೋ ಏನೋ, ಕೊನೆಯ ತನಕ ಒಪ್ಪಿಕೊಳ್ಳಲಿಲ್ಲ. ನನ್ನ ರಟ್ಟೆ ಹಿಡಿದು ಮಗ್ಗದ ಕೋಣೆಗೆ ಒಯ್ದಳು. ಗೆಳತಿ ಅಲ್ಲಿ ನಿಂತಿದ್ದಳು. ಅತ್ತೆ ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾಲ್ಕೂ ಮಗ್ಗ ನಡೆಯುತ್ತಿದ್ದವು. ಆಕೆಯ ತುಟಿ ‘ಹೆಂಗಿದ್ದಿ’ ಅಂದದ್ದು ಕಂಡಿತು. ಅಷ್ಟೇ ಸಾಕಾಯಿತು. ಎರಡು ವರ್ಷದಿಂದ ಕಟ್ಟಿಟ್ಟದ್ದನ್ನೆಲ್ಲ ಒದರಿದೆ. ಏನೇನು ಅಂದೆನೋ ನನಗೇ ಕೇಳುತ್ತಿರಲಿಲ್ಲ. ಹಾಗೆ ಒದರುತ್ತಿರುವಾಗಲೇ ಕರೆಂಟು ಹೋಯಿತು. ಮಗ್ಗ ನಿಂತವು, ನನ್ನ ಬಾಯಿ ನಿಲ್ಲಲಿಲ್ಲ.

“ಮೊದ್ಲ ನನಗ ಹೇಳಬೇಕಿತ್ತ ನೀ! ಅಂವಾ ಹೋದ್ರ ಹೋದ, ನಿನ್ನ ಬಿಟ್ರ ನನಗ ಯಾರಿದ್ರ!”

ಓಣಿಗೆ ಓಣಿಯೇ ಕೇಳಿತು. ಪಕ್ಕದ ಮನೆಯಲ್ಲಿ ಯಾರೋ ಕೊಡ ಕೆಳಗಿಟ್ಟ ಸಪ್ಪಳವಾಯಿತು.

“ಖರೆ,” ಎಂದಳು ಆಕೆ, ನೆಲ ನೋಡುತ್ತ. “ಹೆದರಿದ್ದೆ.”

ನಾನು ಬಾಗಿಲು ತೆರೆದು ಬಂದೆ. ಹೊರಗೆ ಅತ್ತೆ ಕಂಡಿಕೆ ಸುತ್ತುತ್ತ ಕುಳಿತಿದ್ದಳು. “ಕರೆಂಟ ಹೋದದ್ದ ಛಲೋ ಆತು. ನನಗೂ ಕೇಳಿಸ್ತು,” ಎಂದಳು. ನಾವು ಮತ್ತೆ ಗೆಳತಿಯರಾಗಲಿಲ್ಲ. ಫೋನು ಮಾಡುವುದಿಲ್ಲ, ಹಬ್ಬಕ್ಕೆ ಹಾರೈಸುವುದಿಲ್ಲ. ಆದರೆ ಆ ಹೊಸ್ತಿಲು ದಾಟುವಾಗ ಕಾಲು ನಡುಗುವುದು ನಿಂತಿತು.

ಸೀರೆ ಎಂಥದ್ದಿರಬೇಕೆಂದೂ ಅತ್ತೆ ಹೇಳಿಟ್ಟಿದ್ದಳು. “ಬನಹಟ್ಟಿದ್ದ ತರಬ್ಯಾಡ, ಜನ್ಮಾ ಅದನ್ನ ನೋಡೇನಿ. ಜಮಖಂಡಿ ಪ್ಯಾಟ್ಯಾಗ ತಗೊ. ಬದನಿಕಾಯಿ ಬಣ್ಣ.”

ಹೋದ ವರ್ಷ ಒಂದು ಬೆಳಿಗ್ಗೆ, ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಫೋನು ಬಂತು. ಅತ್ತೆಯ ಮಗನದಲ್ಲ, ಗೆಳತಿಯದು. ಒಂದೇ ಮಾತು. “ಸೀರಿ ತಗೊಂಡ ಬಾ.”

ಅಂಗಡಿ ತೆರೆಸಿ ಸೀರೆ ಕೊಂಡು ಬಸ್ಸು ಹತ್ತಿದೆ. ಓಣಿಯ ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ಗಿರಣಿ ದಾಟಿದೆ, ಪಕ್ಕದ ಮನೆಯ ಕಟ್ಟೆ ದಾಟಿದೆ. ಅತ್ತೆಯ ಮಗ ಬಾಗಿಲು ಬಿಟ್ಟು ಸರಿದು ನಿಂತ. ಒಳಗೆ ಒಬ್ಬ ಮುದುಕಿ, “ತವರಿನವರ ಬಂದ್ರೇನ?” ಎಂದು ಕೇಳಿದಳು.

“ಬಂದೇನ್ರಿ,” ಎಂದೆ.

ಅತ್ತೆಯನ್ನು ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದ್ದರು. ಕುಳಿತ ಮೈಗೆ ಸೀರೆ ಉಡಿಸಲು ಇಬ್ಬರು ಬೇಕು. ಗೆಳತಿ ಭುಜ ಹಿಡಿದು ಮುಂದಕ್ಕೆ ಬಾಗಿಸಿದಳು, ನಾನು ಬೆನ್ನ ಹಿಂದಿನಿಂದ ಸೀರೆ ತಂದೆ. ಎಡಗೈ ಎತ್ತಿ ಸೆರಗಿನ ಕೆಳಗಿಟ್ಟೆ. ಬೆರಳಿನ ಗೀರು ಹಾಗೇ ಇತ್ತು. ನೆರಿಗೆ ಹಿಡಿಯುತ್ತಿದ್ದಾಗ ಗೆಳತಿ ನನ್ನ ಕಿವಿಯ ಹತ್ತಿರ ಬಾಗಿದಳು. ಆ ಮನೆಯಲ್ಲಿ ಇದ್ದು ಇದ್ದು ಆಕೆಗೂ ಪಿಸುಗುಡುವುದು ಮರೆತುಹೋಗಿತ್ತು.

“ಅತ್ತಿಯಾರು ಹೇಳಿ ಹೋಗ್ಯಾರ. ನಿನಗ ತವರ ಅಂತ ಉಳದದ್ದ ಇದೊಂದ ಮನಿ ಅಂತ. ಮುಂದ ನಿನ್ನ ಸೀರಿ ಈ ಮನಿಂದ ಬರಬೇಕಂತ. ನನ್ನ ಕೈಲೆ ಆಣಿ ಮಾಡಿಸ್ಕೊಂಡಾರ.”

ಕೋಣೆಯ ಹೆಂಗಸರೆಲ್ಲ ಕೇಳಿಸಿಕೊಂಡರು. ಸಿಟ್ಟು ಬರುತ್ತದೇನೋ ಎಂದು ನೋಡಿದೆ, ಬರಲಿಲ್ಲ. ನೆರಿಗೆ ಸಿಕ್ಕಿಸಿ, ಅಂಚು ಸರಿಮಾಡಿದೆ.

“ಹಳದಿ ತರಬ್ಯಾಡ,” ಎಂದೆ.

“ಗೊತ್ತೈತಿ,” ಎಂದಳು.